ಏಳು ಬಿಲ್ಲೆಗೆ ಎಷ್ಟು ಪೇಪರ್ ಮಿಲ್?

ದಾಂಡೇಲಿಯ ಪೇಪರ್ ಮಿಲ್ ವರ್ಷಕ್ಕೆ 3 ಲಕ್ಷ ಟನ್ನಿಗೂ ಮಿಕ್ಕಿ ಕಾಗದ, ರಟ್ಟು ತಯಾರಿಸಬಲ್ಲದು. ಐದು ಟನ್ ತೂಗುವ ಗಂಡಾನೆಯನ್ನು ಅಳತೆಗೆ ಇಟ್ಟುಕೊಂಡರೆ ಅದು 60 ಸಾವಿರ ಆನೆಗಳ ತೂಕ! 2023ರ ಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿದ್ದ ಕಾಡಾನೆಗಳು 6,395. ಮರಿಯಿಂದ ಮುದಿ ಸಲಗದವರೆಗೆ ಎಲ್ಲವೂ ಐದೈದು ಟನ್ ಎಂದೇ ಹಿಡಿಯೋಣ. ಆಗಲೂ ಕಾಳಿ ನದಿಯ ದಂಡೆಯ ಈ ಒಂದು ಮಿಲ್ಲಿನ ಒಂದು ವರ್ಷದ ಕಾಗದ, ರಾಜ್ಯದ ಅಷ್ಟೂ ಆನೆಗಳ ಒಂಬತ್ತು ಪಟ್ಟು ತೂಗುತ್ತದೆ. ದಿನದ ಲೆಕ್ಕ ಹಾಕಿದರೆ 820 ಟನ್, ಅಂದರೆ ಬೆಳಗಾದರೆ 164 ಆನೆ.

ಇಂಥ ದೈತ್ಯ ಮಿಲ್ಲನ್ನು ಇವತ್ತು ಅಳತೆಗೋಲು ಮಾಡಿಕೊಳ್ಳೋಣ. ಅಳೆಯಬೇಕಾದ ವಸ್ತುವೋ ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಚಿಕ್ಕದು: ಏಳು ಅಕ್ಷರಬಿಲ್ಲೆಗಳು. ಸ್ಕ್ರ್ಯಾಬಲ್ ಆಡಿದವರಿಗೆ ಗೊತ್ತು, ಚೀಲಕ್ಕೆ ಕೈಹಾಕಿ ಏಳು ಬಿಲ್ಲೆ ತೆಗೆಯಬೇಕು, ಮುಂದಿಟ್ಟುಕೊಂಡು ಪದ ಕಟ್ಟಬೇಕು, 15 ಅಡ್ಡಸಾಲು 15 ಕಂಬಸಾಲಿನ 225 ಮನೆಗಳ ಹಾಸಿನ ಮೇಲೆ ಅದನ್ನು ಕೂರಿಸಬೇಕು. ಏಳೇ ಏಳು ಬಿಲ್ಲೆ. ಇದರಲ್ಲಿ ಎಷ್ಟಿದ್ದೀತು?

ಇಂಗ್ಲಿಷಿನ 26 ಅಕ್ಷರಗಳಿಂದ ಏಳಕ್ಷರದ ಸರಗಳನ್ನು, ಅರ್ಥವಿರಲಿ ಇಲ್ಲದಿರಲಿ, ಪೋಣಿಸುತ್ತ ಹೋದರೆ ಒಟ್ಟು 803 ಕೋಟಿ ಸರಗಳಾಗುತ್ತವೆ. ಭೂಮಿಯ ಮೇಲಿರುವ ಪ್ರತಿಯೊಬ್ಬ ಮನುಷ್ಯನಿಗೂ ಹೆಚ್ಚುಕಡಿಮೆ ಒಂದೊಂದು! ಐದು ಗ್ರಾಂ ತೂಗುವ ಎ4 ಹಾಳೆಯ ಎರಡೂ ಬದಿ ಸೇರಿ ನೂರು ಸರ ಅಚ್ಚು ಹಾಕಿದರೆ ಬೇಕಾಗುವ ಕಾಗದ 400 ಟನ್. ದಾಂಡೇಲಿ ಮಿಲ್ಲಿಗೆ ಅದು ಹನ್ನೆರಡು ತಾಸಿನ ಕೆಲಸ. ಬೆಳಿಗ್ಗೆ ಪಾಳಿಗೆ ಬಂದವರು ಸಂಜೆ ಮನೆಗೆ ಹೋಗುವ ಹೊತ್ತಿಗೆ ಇಂಗ್ಲಿಷ್ ಮುಗಿದಿರುತ್ತದೆ. ಈ ಹನ್ನೆರಡು ತಾಸನ್ನು ನೆನಪಿಟ್ಟುಕೊಳ್ಳಿ. ಕನ್ನಡಕ್ಕೆ ಬಂದಾಗ ಇದೇ ಮಿಲ್ಲಿಗೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡೋಣ.

ಈ ಆಟ ಹುಟ್ಟಿದ್ದು 1930ರ ದಶಕದ ಅಮೆರಿಕದಲ್ಲಿ. ಕೆಲಸ ಕಳೆದುಕೊಂಡಿದ್ದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೂತು ಎಣಿಸಿದ, ಆ ಎಣಿಕೆಯ ಮೇಲೆ ಬಿಲ್ಲೆಗಳನ್ನು ಹಂಚಿದ. 98 ಅಕ್ಷರಬಿಲ್ಲೆ, 2 ಖಾಲಿ ಬಿಲ್ಲೆ, ಒಟ್ಟು 100. 1949ರಲ್ಲಿ ತಯಾರಾದ ಪೆಟ್ಟಿಗೆಗಳು 2,400, ವ್ಯಾಪಾರದಲ್ಲಿ ಬಂದದ್ದು ನಷ್ಟ. ಇವತ್ತಿನವರೆಗೆ ಮಾರಾಟವಾದದ್ದು 15 ಕೋಟಿ ಎನ್ನುತ್ತಾರೆ. ಮೊದಲಿನದರ 62,500 ಪಟ್ಟು! ಅಷ್ಟೂ ಪೆಟ್ಟಿಗೆಗಳ ಬಿಲ್ಲೆ ಸೇರಿದರೆ 1,500 ಕೋಟಿ. ಒಂದೊಂದು 19 ಮಿಲಿಮೀಟರ್ ಅಗಲವೆಂದು ಸಾಲಾಗಿ ಜೋಡಿಸಿದರೆ 2 ಲಕ್ಷ 85 ಸಾವಿರ ಕಿಲೋಮೀಟರ್. ಜೋಯಿಡಾದ ಕಾಡಿನಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಕಾಳಿ ನದಿಯ ಉದ್ದ 184 ಕಿಲೋಮೀಟರ್. ಆ ನದಿಯ ಉದ್ದಕ್ಕೂ ಬಿಲ್ಲೆ ಹಾಸಿದರೆ 1,500 ಸಲಕ್ಕೂ ಹೆಚ್ಚು ಹಾಸಬಹುದು. ಭೂಮಿಗೆ ಸುತ್ತಿದರೆ ಏಳು ಸುತ್ತು!

ಹಾಗೆಯೇ ಚೀಲದೊಳಕ್ಕೆ ಮತ್ತೊಮ್ಮೆ ಕೈ ಹಾಕಿ. 100 ಬಿಲ್ಲೆಗಳಿಂದ ಏಳನ್ನು ಎತ್ತಲು ಇರುವ ದಾರಿಗಳು 16,00,75,60,800. ಅಂದರೆ 1,600 ಕೋಟಿಗೂ ಹೆಚ್ಚು. ಸೆಕೆಂಡಿಗೊಂದರಂತೆ ಊಟ ನಿದ್ದೆ ಬಿಟ್ಟು ಎತ್ತುತ್ತ ಹೋದರೆ 507 ವರ್ಷ ಬೇಕು. ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದಾಗ ಶುರುಮಾಡಿದವರು ಇದೀಗ ಕೊನೆಯ ಕಂತಿಗೆ ಬಂದಿರುತ್ತಿದ್ದರು. ಒಂದೇ ಅಕ್ಷರದ ಹಲವು ಬಿಲ್ಲೆಗಳಿರುವುದರಿಂದ ಒಂದೇ ಬಗೆಯ ಕಂತೆಗಳು ಮತ್ತೆ ಮತ್ತೆ ಬರುತ್ತವೆ. ಅವನ್ನೆಲ್ಲ ಕಳೆದು ಬೇರೆ ಬೇರೆ ಕಂತೆಗಳನ್ನಷ್ಟೇ ಎಣಿಸಿದರೂ ಉಳಿಯುವುದು 31,99,724. ದಾಂಡೇಲಿಯಿರುವ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 14 ಲಕ್ಷ 37 ಸಾವಿರ. ಜಿಲ್ಲೆಯ ಎಲ್ಲರ ಕೈಗೂ ಎರಡೆರಡು ಕಂತೆ ಕೊಟ್ಟರೂ ಮೂರು ಲಕ್ಷ ಕಂತೆ ಮಿಗುತ್ತದೆ, ಅದರಲ್ಲಿ ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ.

ಇಷ್ಟು ದೊಡ್ಡ ಕಡಲಿನಲ್ಲಿ ಪದವೆಂಬುದು ಎಷ್ಟು ಅಪರೂಪ ನೋಡಿ. ಪಂದ್ಯಗಳಲ್ಲಿ ಬಳಸುವ ಕಾಲಿನ್ಸ್ ಪದಪಟ್ಟಿಯಲ್ಲಿ ಸುಮಾರು 2 ಲಕ್ಷ 80 ಸಾವಿರ ಪದಗಳಿವೆ. ನಮ್ಮ ಲೆಕ್ಕದಲ್ಲಿ ಅವಕ್ಕೆ 2,800 ಹಾಳೆ ಸಾಕು, ತೂಕ 14 ಕಿಲೋ. ಮಿಲ್ಲು ಹನ್ನೆರಡು ತಾಸು ಓಡಿ ಉರುಳಿಸಿದ 400 ಟನ್ನಿನ ಪಕ್ಕದಲ್ಲಿ ಒಂದು ಕೈಚೀಲ! ಎರಡಕ್ಷರದ ಜೋಡಿಗಳು 676 ಸಾಧ್ಯ, ಅವುಗಳಲ್ಲಿ 127 ನಿಜವಾದ ಪದಗಳು, ಐದರಲ್ಲಿ ಒಂದು. ಏಳಕ್ಷರಕ್ಕೆ ಬಂದರೆ 803 ಕೋಟಿಯಲ್ಲಿ ಪದಗಳು 34 ಸಾವಿರ ಚಿಲ್ಲರೆ, ಎರಡು ಲಕ್ಷ ಮೂವತ್ತು ಸಾವಿರ ಸರ ತಡಕಾಡಿದರೆ ಒಂದು. ಆದ್ದರಿಂದಲೇ ಪಳಗಿದ ಆಟಗಾರರು ಹೊಸಬರಿಗೆ ಮೊದಲು ಹೇಳಿಕೊಡುವುದು ಆ 127 ಚಿಕ್ಕ ಪದಗಳನ್ನು. ದಿನಕ್ಕೆ ಹತ್ತು ಕಲಿತರೆ ಹದಿಮೂರು ದಿನ, ಎರಡು ವಾರವೂ ಬೇಡ! ಕ್ಯೂ ಬಂತೆಂದು ಕಂಗಾಲಾಗುವವರಿಗೆ ಕ್ಯೂ-ಐ ಎಂಬ ಎರಡಕ್ಷರದ ಪದ ಗೊತ್ತಿದ್ದರೆ ಹತ್ತು ಅಂಕದ ಆ ಬಿಲ್ಲೆ ಹೊರೆಯಾಗುವ ಬದಲು ಆಸ್ತಿಯಾಗುತ್ತದೆ.

ಎರಡನೆಯ ಪಾಠ ಇನ್ನೂ ದೊಡ್ಡ ಅಂಕದ್ದು. ಏಳೂ ಬಿಲ್ಲೆಗಳನ್ನು ಒಂದೇ ಏಟಿಗೆ ಇಳಿಸಿದರೆ 50 ಅಂಕ ಬಹುಮಾನ. ನುರಿತವರ ಇಡೀ ಆಟದ ಮೊತ್ತವೇ 400ರ ಆಸುಪಾಸು ಇರುವಾಗ ಒಂದೇ ನಡೆಗೆ 50 ಎಂದರೆ ಎಂಟನೆಯ ಒಂದು ಪಾಲು. ಅದಕ್ಕಾಗಿ ಅವರು ಎಸ್, ಎ, ಟಿ, ಐ, ಎನ್, ಇ ಈ ಆರನ್ನು ಕೈಯಲ್ಲಿ ಉಳಿಸಿಕೊಂಡು ಕಾಯುತ್ತಾರೆ. ಇವುಗಳ ಜೊತೆ ವರ್ಣಮಾಲೆಯ ಬಹುಪಾಲು ಯಾವ ಅಕ್ಷರ ಬಂದು ಕೂತರೂ ಏಳಕ್ಷರದ ಪದವೊಂದು ಎದ್ದು ಬರುತ್ತದೆ. ಒಂದೇ ನಡೆ ಎಷ್ಟು ತರಬಹುದು? 1982ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಾರ್ಲ್ ಖೊಶ್ನಾವ್ ‘ಕಝೀಕ್ಸ್’ ಎಂಬ ಎಂಟಕ್ಷರದ ಪದ ಇಳಿಸಿ 392 ಅಂಕ ಗಳಿಸಿದ. ಬೇರೆಯವರು ಇಡೀ ಆಟದಲ್ಲಿ ಬೆವರಿಳಿಸಿ ಗಳಿಸುವುದನ್ನು ಒಂದೇ ಪದಕ್ಕೆ! ಏಳು ವರ್ಷದ ನಂತರ, 1989ರಲ್ಲಿ, ಇಂಗ್ಲೆಂಡಿನ ಫಿಲ್ ಆ್ಯಪಲ್ಬಿ ಒಂದು ಆಟದಲ್ಲಿ 1,049 ಅಂಕ ಪೇರಿಸಿದ.

ಇವರೆಲ್ಲರನ್ನೂ ಮೀರಿಸಿದವನು ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್. ಇಂಗ್ಲಿಷಿನಲ್ಲಿ ಐದು ಸಲ ವಿಶ್ವ ಚಾಂಪಿಯನ್. 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಪಂದ್ಯಕ್ಕೆ ಹೋಗಿ ಅದನ್ನೂ ಗೆದ್ದ. ಫ್ರೆಂಚ್ ಭಾಷೆ ಬಂದು ಗೆದ್ದನೆಂದುಕೊಂಡಿರೇನು? ಅವನಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಸುಮಾರು 3 ಲಕ್ಷ 86 ಸಾವಿರ ಪದಗಳ ಫ್ರೆಂಚ್ ಪಟ್ಟಿಯನ್ನು ಒಂಬತ್ತು ವಾರಗಳಲ್ಲಿ ತಲೆಗಿಳಿಸಿಕೊಂಡಿದ್ದ, ಅಷ್ಟೆ. ಒಂಬತ್ತು ವಾರವೆಂದರೆ 63 ದಿನ. ದಿನಕ್ಕೆ 6,127 ಪದ. ಎಂಟು ತಾಸು ನಿದ್ದೆ ಕಳೆದರೆ, ಎಚ್ಚರವಿರುವ ಪ್ರತಿ ಒಂಬತ್ತೂವರೆ ಸೆಕೆಂಡಿಗೆ ಒಂದು ಪದ! ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಅವನು ಒಂದು ಪದ ಕಲಿತಿರುತ್ತಿದ್ದ, ಅದೂ ಅರ್ಥ ಗೊತ್ತಿಲ್ಲದ ಭಾಷೆಯಲ್ಲಿ. ಸಾಲದೆಂಬಂತೆ 2024ರಲ್ಲಿ ಸ್ಪ್ಯಾನಿಷ್ ವಿಶ್ವ ಪಂದ್ಯಕ್ಕೂ ಹೋಗಿ ಅದನ್ನೂ ಗೆದ್ದು ಬಂದ. ಆ ಭಾಷೆಯೂ ಅವನಿಗೆ ಬಾರದು.

ಮನುಷ್ಯನ ನೆನಪಿಗೆ ಇಷ್ಟೆಲ್ಲ ಹಿಡಿಯುತ್ತದೆಯೇ ಎಂದು ಬೆರಗಾಗುವವರು ದಾಂಡೇಲಿಯಿಂದ ಹೊರಟು ಯಲ್ಲಾಪುರ ದಾಟಿ ಮುಂಡಗೋಡಕ್ಕೆ ಬರಬೇಕು. ಅಲ್ಲಿ 1966ರಲ್ಲಿ ಸುಮಾರು 4 ಸಾವಿರ ಎಕರೆಯಲ್ಲಿ ನೆಲೆಗೊಂಡ ಟಿಬೆಟನ್ ಕ್ಯಾಂಪುಗಳಿವೆ. ಡ್ರೆಪುಂಗ್, ಗಾಂದೆನ್ ಎಂಬ ಮಹಾಮಠಗಳು ಟಿಬೆಟಿನಿಂದ ಬಂದು ಮತ್ತೆ ಬೇರುಬಿಟ್ಟದ್ದು ಇಲ್ಲಿಯೇ. ಲಾಸಾದ ಡ್ರೆಪುಂಗಿನಲ್ಲಿ ಒಂದು ಕಾಲಕ್ಕೆ 10 ಸಾವಿರ ಭಿಕ್ಷುಗಳಿದ್ದರಂತೆ, ಅಂದರೆ ಒಂದು ಸಣ್ಣ ಪಟ್ಟಣವೇ ಒಂದು ಮಠ. ಟಿಬೆಟನ್ ವ್ಯಂಜನಗಳು 30. ಆ ಮೂವತ್ತರಿಂದ ಕಟ್ಟಿದ ಬುದ್ಧವಚನದ ಸಂಗ್ರಹ ಕಾಂಗ್ಯುರ್ 100 ಸಂಪುಟಗಳನ್ನು ದಾಟುತ್ತದೆ, ಅದರ ವ್ಯಾಖ್ಯಾನಗಳ ತೆಂಗ್ಯುರ್ 200ನ್ನು ದಾಟುತ್ತದೆ. ಅತ್ಯುನ್ನತ ಗೆಶೆ ಪದವಿಗೆ ಓದುವ ಭಿಕ್ಷುಗಳು ಎರಡು ದಶಕದ ಆಸುಪಾಸು ಓದುತ್ತಾರೆ, ಪುಟಗಟ್ಟಲೆ ಶ್ಲೋಕಗಳನ್ನು ಬಾಯಿಪಾಠ ಮಾಡುತ್ತಾರೆ, ಚಪ್ಪಾಳೆ ತಟ್ಟಿ ಎದುರಾಳಿಗೆ ಪ್ರಶ್ನೆ ಎಸೆಯುತ್ತಾರೆ. ನೆನಪಿನ ಬಲದಿಂದ ಎದುರಾಳಿಯನ್ನು ಮಣಿಸುವ ಪಂದ್ಯ ಈ ಜಿಲ್ಲೆಗೆ ಹೊಸದೇನಲ್ಲ.

ಈಗ ಕನ್ನಡಕ್ಕೆ ಬರೋಣ. ಇಲ್ಲಿಯವರೆಗಿನದೆಲ್ಲ ಬರೀ ಪೀಠಿಕೆ!

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ: 13 ಸ್ವರ, 2 ಯೋಗವಾಹ, 34 ವ್ಯಂಜನ. 49 ಬಿಲ್ಲೆ ಕೆತ್ತಿದರೆ ಆಯಿತಲ್ಲ ಎನ್ನಬೇಡಿ. ನಮ್ಮ ಪತ್ರಿಕೆಗಳ ಪದಬಂಧ ತುಂಬುವ ಯಾರನ್ನಾದರೂ ಕೇಳಿ, ಒಂದು ಮನೆಯಲ್ಲಿ ಕೂರುವುದು ಕಾಗುಣಿತ, ಒತ್ತು ಎಲ್ಲ ಹೊತ್ತ ಪೂರ್ತಿ ಅಕ್ಷರ. 34 ವ್ಯಂಜನಕ್ಕೆ 15 ಕಾಗುಣಿತ ಹಚ್ಚಿದರೆ 510, ಬಿಡಿಯಾದ 15 ಸೇರಿದರೆ 525. ಇಂಗ್ಲಿಷಿನ ಚೀಲದ 100 ಬಿಲ್ಲೆ ಸಾಲಾಗಿಟ್ಟರೆ ಎತ್ತರದ ಆಳಿನ ಉದ್ದ, 1.9 ಮೀಟರ್. ಕನ್ನಡದ 525ನ್ನು ಒಂದೊಂದೇ ಪ್ರತಿ ಇಟ್ಟರೂ 10 ಮೀಟರ್. ಇನ್ನು ಒತ್ತಕ್ಷರ. ಒಂದು ವ್ಯಂಜನದ ಕೆಳಗೆ 34ರಲ್ಲಿ ಯಾವುದಾದರೂ ಒಂದು ಒತ್ತು, ಅದಕ್ಕೆ 15 ಕಾಗುಣಿತ: 17,340. ಹಿಂದಿನದನ್ನು ಕೂಡಿಸಿದರೆ 17,865 ಬಿಲ್ಲೆ. ಇವನ್ನು ಅಂಚಿಗಂಚು ತಾಗಿಸಿ ಮೇಲಕ್ಕೆ ನಿಲ್ಲಿಸಿದರೆ 339 ಮೀಟರ್! ಜೋಯಿಡಾ ತಾಲ್ಲೂಕಿನ ಸೂಪಾ ಅಣೆಕಟ್ಟೆಯ ಎತ್ತರ 101 ಮೀಟರ್. ಅಂಥ ಮೂರು ಅಣೆಕಟ್ಟೆಗಳನ್ನು ಒಂದರ ಮೇಲೊಂದು ಹೇರಿದರೂ ಕನ್ನಡದ ಬಿಲ್ಲೆಗಳ ಕಂಬ ಅದರ ನೆತ್ತಿ ದಾಟಿ ನಿಲ್ಲುತ್ತದೆ.

ಆಟ ಇಲ್ಲಿಗೂ ನಿಲ್ಲುವುದಿಲ್ಲ. ‘ಸ್ತ್ರೀ’ ಎಂದು ಬರೆಯಿರಿ. ಸಕಾರ, ತಕಾರ, ರಕಾರ, ಮೇಲೊಂದು ದೀರ್ಘ ಈಕಾರ. ನಾಲ್ಕು ಧ್ವನಿ, ಒಂದೇ ಅಕ್ಷರ, ಪದಬಂಧದಲ್ಲಿ ಒಂದೇ ಮನೆ. ಮೇಲಾಗಿ ಅದೊಂದೇ ಪೂರ್ತಿ ಪದ. ಹೀಗೆ ಎರಡು ಒತ್ತು ಹೊರುವ ಸಾಧ್ಯತೆಗಳನ್ನೂ ಸೇರಿಸಿದರೆ ಬಿಲ್ಲೆಗಳ ಸಂಖ್ಯೆ 6,07,425. ಇವುಗಳಲ್ಲಿ ಬಹುಪಾಲು ಯಾರ ನಾಲಿಗೆಯ ಮೇಲೂ ಎಂದೂ ಹೊರಳದವು, ನಿಜ. ಆದರೆ ಲಿಪಿ ಅವುಗಳಿಗೆಲ್ಲ ಬಾಗಿಲು ತೆರೆದಿಟ್ಟಿದೆ. ದಾಂಡೇಲಿಯಿಂದ ಹಳಿಯಾಳದ ರಸ್ತೆಯಲ್ಲಿ ಇವನ್ನು ಜೋಡಿಸುತ್ತ ಹೋದರೆ ಹನ್ನೊಂದೂವರೆ ಕಿಲೋಮೀಟರ್ ಸಾಗಬೇಕು, ಒಂದೂ ಎರಡನೆಯ ಸಲ ಬಾರದಂತೆ. ಇಂಗ್ಲಿಷಿನಲ್ಲಿ ಒಂದಕ್ಷರದ ಪದಗಳು ನಿತ್ಯ ಬಳಕೆಯಲ್ಲಿ ಎರಡು. ನಮ್ಮಲ್ಲಿ ಕೈ, ಹೂ, ಬಾ, ತಾ, ಮೀ, ಈ, ಆ, ಶ್ರೀ, ಸ್ತ್ರೀ, ಸ್ವ... ಎರಡೂ ಕೈಗಳ ಬೆರಳು ಮಡಿಚುವಷ್ಟು ಆಗಲೇ ಆಯಿತು.

ಏಳು ಬಿಲ್ಲೆಯನ್ನು ಈಗ ಕೈಗೆತ್ತಿಕೊಳ್ಳಿ. ಇವು ಬಂದಿವೆ ಎನ್ನೋಣ: ಕಾ, ಮ, ರ, ಸ, ಲ, ತ, ನ. ಒತ್ತಿಲ್ಲ, ಕಾಗುಣಿತವೂ ಒಂದಕ್ಕೇ. ಮೊದಲ ನೋಟಕ್ಕೆ ಬಡ ಕೈ. ಓದುತ್ತ ಹೋಗಿ: ಕಾಲ, ಕಾರ, ಕಾಮ, ಮರ, ಮತ, ಮನ, ಮಲ, ರಸ, ರತ, ಸಮ, ಸರ, ಸಲ, ತರ, ತಲ, ನರ, ನತ. ಹದಿನಾರು ಆಗಿಬಿಟ್ಟವು! ಮೂರಕ್ಷರಕ್ಕೆ ಏರಿದರೆ ಕಾತರ, ಸಮರ, ಸಕಾಲ. ನಾಲ್ಕಕ್ಕೆ ಸಮತಲ, ಸಮಕಾಲ. ಕೂತಲ್ಲೇ 21 ಪದ. ಈ ಏಳನ್ನು ಎರಡರಿಂದ ಏಳು ಅಕ್ಷರದ ತನಕ ಜೋಡಿಸುವ ಒಟ್ಟು ಬಗೆಗಳು 13,692. ಸೆಕೆಂಡಿಗೊಂದರಂತೆ ಎಲ್ಲವನ್ನೂ ಜೋಡಿಸಿ ನೋಡಲು ಮೂರು ಮುಕ್ಕಾಲು ತಾಸಿಗೂ ಹೆಚ್ಚು ಬೇಕು, ಆದರೆ ಕನ್ನಡ ಓದಿದ ಕಣ್ಣು ‘ಸಮರ’ವನ್ನು ಹೆಕ್ಕಲು ಎರಡು ಸೆಕೆಂಡನ್ನೂ ತೆಗೆದುಕೊಳ್ಳುವುದಿಲ್ಲ. ಈ ಲೇಖನದ ಎಲ್ಲ ಅಂಕಿಗಳಿಗಿಂತ ನನಗೆ ಹೆಚ್ಚು ವಿಸ್ಮಯ ತರುವುದು ಈ ಎರಡು ಸೆಕೆಂಡು.

ಇದೇ ಏಳಕ್ಕೆ ಬೇಕಾದ ಕಾಗುಣಿತ ಹಚ್ಚಿಕೊಳ್ಳಬಹುದು ಎಂಬ ನಿಯಮವಿಟ್ಟರೆ? ಕಾ ಎಂಬುದು ಕಿ, ಕು, ಕೆ, ಕೊ ಆಗಬಹುದು. ಮ ಎಂಬುದು ಮೀ, ಮೂ, ಮೌ ಆಗಬಹುದು. ಒಂದೊಂದಕ್ಕೂ 15 ವೇಷ. ಏಳಕ್ಷರದ ಸರಗಳೇ 86 ಸಾವಿರ ಕೋಟಿ ದಾಟುತ್ತವೆ. ಸೆಕೆಂಡಿಗೊಂದರಂತೆ ನೋಡುತ್ತ ಕೂತರೆ 27 ಸಾವಿರ ವರ್ಷ. ಮನುಷ್ಯ ಬರೆಯಲು ಕಲಿತು ಸುಮಾರು 5 ಸಾವಿರ ವರ್ಷವಾಗಿದೆ. ಬರವಣಿಗೆಯ ಇಡೀ ಚರಿತ್ರೆ ಐದು ಸಲ ನಡೆದುಹೋದರೂ ನಮ್ಮ ಬಡ ಕೈಯ ಏಳು ಬಿಲ್ಲೆ ಮುಗಿಯುವುದಿಲ್ಲ!

ಆದರೂ ಈ ಕಾಡಿಗೆ ದಾರಿಗಳಿವೆ. ಹಾಸಿನ ಮೇಲೆ ಯಾರೋ ‘ಮರ’ ಇಟ್ಟಿದ್ದಾರೆ ಎನ್ನಿ. ಮುಂದೆ ಒಂದೇ ಬಿಲ್ಲೆ ಸೇರಿಸಿದರೆ ಅಮರ, ಸಮರ, ಪಾಮರ, ಚಾಮರ, ಭ್ರಮರ. ಹಿಂದೆ ಒಂದೇ ಬಿಲ್ಲೆ ಸೇರಿಸಿದರೆ ಮರಣ, ಮರಳು, ಮರಳಿ, ಮರವೆ, ಮರದ, ಮರಕ್ಕೆ. ಒಂದು ಮರಕ್ಕೆ ಹನ್ನೊಂದು ಕೊಂಬೆ, ಒಂದೊಂದು ಬಿಲ್ಲೆಯ ಖರ್ಚಿನಲ್ಲಿ. ಕನ್ನಡದಲ್ಲಿ ಪದಸಂಪತ್ತು ಬೆಳೆಸುವವರು ಪಟ್ಟಿ ಉರು ಹೊಡೆಯುವುದಕ್ಕಿಂತ ಹೀಗೆ ತುದಿಗಳನ್ನು ನೋಡುವುದು ಲಾಭ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಲೆಕ್ಕವೂ ಅದನ್ನೇ ಹೇಳುತ್ತದೆ. ಒಂದು ನಾಮಪದಕ್ಕೆ ಏಳು ವಿಭಕ್ತಿ, ಎರಡು ವಚನ: 14 ರೂಪ. ಪ್ರತಿಯೊಂದನ್ನೂ ಹಾಗೇ ಬಿಡಬಹುದು, ಇಲ್ಲವೇ ಊ, ಏ, ಓ, ಆ ಎಂಬ ನಾಲ್ಕು ಬಾಲಗಳಲ್ಲಿ ಒಂದನ್ನು ಅಂಟಿಸಬಹುದು: 70 ರೂಪ. ಹತ್ತು ಸಾವಿರ ನಾಮಪದ ಬಲ್ಲವರ ಕೈಯಲ್ಲಿ 7 ಲಕ್ಷ ರೂಪಗಳು! ಕಾಲಿನ್ಸ್ ಪಟ್ಟಿಯ ಎರಡೂವರೆ ಪಟ್ಟು, ಅದೂ ಕ್ರಿಯಾಪದಗಳನ್ನು ಇನ್ನೂ ಮುಟ್ಟಿಯೇ ಇಲ್ಲ. ಮಾಡು ಎಂಬ ಒಂದು ಧಾತು ಮಾಡಿದೆ, ಮಾಡುವೆ, ಮಾಡಿಯಾನು, ಮಾಡಿಸಿದರು, ಮಾಡದಿದ್ದರೂ ಎಂದು ಎಲ್ಲೆಲ್ಲಿ ಹಬ್ಬುತ್ತದೆಂದು ಎಣಿಸಹೊರಟರೆ ಅದಕ್ಕೇ ಬೇರೆ ಲೇಖನ ಬೇಕು.

ಬುಡದ ಪದಗಳು ಎಷ್ಟು? 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ ನಿಘಂಟಿನಲ್ಲಿ ಸುಮಾರು 70 ಸಾವಿರ. ಜರ್ಮನಿಯಿಂದ ಬಂದ ಕಿಟೆಲ್ ಕನ್ನಡ ಕಲಿಯಲು ತೊಡಗಿದ್ದು ಹಳಿಯಾಳದ ಮಗ್ಗುಲಿನ ಧಾರವಾಡ-ಹುಬ್ಬಳ್ಳಿಯ ಕಡೆ. ನಿಘಂಟಿಗೆ ಎರಡು ದಶಕ ಸವೆಸಿದ. ಜೋಯಿಡಾ ತಾಲ್ಲೂಕಿನ ಜನಸಂಖ್ಯೆ 2011ರಲ್ಲಿ ಸುಮಾರು 52 ಸಾವಿರ. ಕಿಟೆಲ್ ಸಂಗ್ರಹಿಸಿದ ಪದಗಳನ್ನು ಅಲ್ಲಿನ ಕುಣಬಿ ಅಜ್ಜಿಯಿಂದ ತೊಟ್ಟಿಲ ಕೂಸಿನ ತನಕ ತಲೆಗೊಂದರಂತೆ ಹಂಚಿದರೂ 18 ಸಾವಿರ ಪದ ಮಿಕ್ಕುತ್ತವೆ. ನೈಜೆಲ್ ರಿಚರ್ಡ್ಸ್ ವೇಗದಲ್ಲಿ ಈ ನಿಘಂಟನ್ನು ನುಂಗಲು ಹನ್ನೊಂದೂವರೆ ದಿನ ಸಾಕು. ನಮ್ಮ ನಿಮ್ಮಂಥವರು ದಿನಕ್ಕೆ ಹತ್ತು ಪದ ಕಲಿತರೆ 19 ವರ್ಷ 2 ತಿಂಗಳು, ಅಂದರೆ ಕಿಟೆಲ್ ಕಟ್ಟಿದ ವೇಗದಲ್ಲೇ ನಾವು ಕಲಿಯಬಹುದು! ಹೊತ್ತು ಮೀರಿತು ಎನ್ನುವವರು ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರನ್ನು ನೆನೆಯಲಿ. 1913ರಲ್ಲಿ ಹುಟ್ಟಿ 2021ರ ತನಕ, 107 ತುಂಬಿದ ಬದುಕನ್ನು ಅವರು ಪದಗಳ ಜೊತೆಯಲ್ಲೇ ಕಳೆದರು. ದಿನಕ್ಕೆ ಹತ್ತರಂತೆ ಅಷ್ಟು ಆಯಸ್ಸಿನಲ್ಲಿ ಐದು ಕಿಟೆಲ್ ನಿಘಂಟುಗಳನ್ನು ಮುಗಿಸಬಹುದು.

ಈಗ ಮಿಲ್ಲಿಗೆ ಮರಳೋಣ. ಇಂಗ್ಲಿಷಿನ ಏಳಕ್ಷರದ ಸರಗಳಿಗೆ ಹನ್ನೆರಡು ತಾಸು ಸಾಕಾಗಿತ್ತು. ಒತ್ತುಗಳನ್ನು ಬದಿಗಿಟ್ಟು, ಕನ್ನಡದ 525 ಸರಳ ಬಿಲ್ಲೆಗಳಿಂದ ಏಳಕ್ಷರದ ಸರಗಳನ್ನು ಅಚ್ಚು ಹಾಕಲು ಅದೇ ಮಿಲ್ಲಿಗೆ ಬೇಕಾದದ್ದು 18 ಲಕ್ಷ ವರ್ಷ! ಹಿಮಯುಗಗಳು ಬಂದು ಹೋಗಬೇಕು, ಮನುಷ್ಯಜಾತಿ ಹುಟ್ಟಿದಂದಿನಿಂದ ಇವತ್ತಿನ ತನಕದ ಕಾಲ ಐದಾರು ಸಲ ಉರುಳಬೇಕು, ಅಷ್ಟೂ ಹೊತ್ತು ದಾಂಡೇಲಿಯ ಯಂತ್ರ ಒಂದು ದಿನವೂ ನಿಲ್ಲದೆ ಕಾಗದ ಸುತ್ತುತ್ತಿರಬೇಕು.

ಒಂದು ಒತ್ತನ್ನು ಒಳಗೆ ಬಿಟ್ಟುಕೊಂಡು 17,865 ಬಿಲ್ಲೆಗಳಿಗೆ ಏರಿದರೆ ಮಿಲ್ಲಿನ ಮಾತು ಬಿಡಿ, ಭೂಮಿಯೇ ಸಾಲದು. ಬೇಕಾಗುವ ಕಾಗದದ ತೂಕ ಭೂಮಿಯ ತೂಕದ ಐದು ಪಟ್ಟಿಗೆ ಹತ್ತಿರ. ಐದು ಭೂಮಿಗಳನ್ನು ಕಾಡು ಬೆಟ್ಟ ಕಡಲು ಸಮೇತ ಅರೆದು ಕಾಗದ ಮಾಡಬೇಕು! ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಎತ್ತರ 6 ಕೋಟಿ 10 ಲಕ್ಷ ಜ್ಯೋತಿರ್ವರ್ಷ. ನಮ್ಮ ನೆರೆಯ ದೊಡ್ಡ ನಕ್ಷತ್ರಮಂಡಲ ಆಂಡ್ರೊಮಿಡಾ ಇರುವುದು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಕನ್ನಡದ ಹಾಳೆಗಳ ರಾಶಿ ಅದನ್ನು ದಾಟಿ, ಒಟ್ಟು ಅಂಥ ಇಪ್ಪತ್ತನಾಲ್ಕು ದೂರ ಹೋಗುತ್ತದೆ. ಕಾಲದ ಲೆಕ್ಕ ಬೇಕೆಂದರೆ, ವಿಶ್ವದ ವಯಸ್ಸು 1,380 ಕೋಟಿ ವರ್ಷ. ದಾಂಡೇಲಿ ಮಿಲ್ಲು ಈ ಕೆಲಸ ಮುಗಿಸುವಷ್ಟರಲ್ಲಿ ಅಂಥ 70 ಲಕ್ಷ ವಿಶ್ವಗಳ ಆಯಸ್ಸು ಕಳೆದಿರುತ್ತದೆ. ಏಳೇ ಏಳು ಬಿಲ್ಲೆಗೆ!

ಇದಕ್ಕಿಂತ ದೊಡ್ಡದು ಇನ್ನೇನಿದ್ದೀತು ಎಂದರೆ, ಇದೆ, ಕನ್ನಡದಲ್ಲೇ ಇದೆ. ಸಿರಿಭೂವಲಯ. ಕುಮುದೇಂದು ಮುನಿ ರಚಿಸಿದನೆನ್ನುವ ಈ ಗ್ರಂಥದಲ್ಲಿ ಅಕ್ಷರವೇ ಇಲ್ಲ, ಇರುವುದೆಲ್ಲ ಅಂಕಿ. 27 ಅಡ್ಡಸಾಲು, 27 ಕಂಬಸಾಲು, ಒಂದೊಂದು ಚಕ್ರಕ್ಕೆ 729 ಮನೆ, ಸ್ಕ್ರ್ಯಾಬಲ್ ಹಾಸಿನ ಮೂರು ಪಟ್ಟಿಗೂ ಹೆಚ್ಚು. ಮನೆಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು, ಒಂದೊಂದು ಅಂಕಿಗೆ ಒಂದೊಂದು ಧ್ವನಿ. ಚಕ್ರಬಂಧ, ಹಂಸಬಂಧ, ಮಯೂರಬಂಧ ಎಂದು ಒಂದೊಂದು ಜಾಡು ಹಿಡಿದು ಮನೆಯಿಂದ ಮನೆಗೆ ಹೋದರೆ ಸಾಂಗತ್ಯದ ಪದ್ಯಗಳು ಏಳುತ್ತವೆ. ಪಂಡಿತ ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ, ಕೆ. ಅನಂತಸುಬ್ಬರಾಯರು ಇದನ್ನು 1953ರಲ್ಲಿ ಬೆಳಕಿಗೆ ತಂದರು. ಇದರಲ್ಲಿ 718 ಭಾಷೆಗಳು ಅಡಗಿವೆ, 6 ಲಕ್ಷ ಪದ್ಯಗಳಿವೆ ಎಂಬ ಹೇಳಿಕೆಗಳಿವೆ. ಗ್ರಂಥದ ಕಾಲದ ಬಗ್ಗೆಯೂ ಈ ಹೇಳಿಕೆಗಳ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಜಗಳ ಅವರಿಗಿರಲಿ, ಕಣ್ಣ ಮುಂದಿರುವ ಚೌಕವೊಂದೇ ನಮಗೆ ಸಾಕು.

64 ಬಗೆಯ ಅಂಕಿಗಳನ್ನು 729 ಮನೆಗಳಲ್ಲಿ ಎಷ್ಟು ಬಗೆಯಲ್ಲಿ ತುಂಬಬಹುದು? ಉತ್ತರ 1,317 ಅಂಕಿಗಳ ಸಂಖ್ಯೆ. ನಮಗೆ ಕಾಣುವ ವಿಶ್ವದ ಎಲ್ಲ ಪರಮಾಣುಗಳ ಅಂದಾಜು ಸಂಖ್ಯೆ ಬರೆಯಲು 81 ಅಂಕಿ ಸಾಕು. ಪ್ರತಿ ಪರಮಾಣುವಿನೊಳಗೂ ಒಂದು ಇಡೀ ವಿಶ್ವ, ಅದರ ಪ್ರತಿ ಪರಮಾಣುವಿನೊಳಗೂ ಮತ್ತೊಂದು, ಹೀಗೆ ಹದಿನೈದು ಹಂತ ಇಳಿದು ಅಲ್ಲಿನ ಪರಮಾಣುಗಳನ್ನೆಲ್ಲ ಎಣಿಸಿದರೂ ಈ ಸಂಖ್ಯೆಯ ಹತ್ತಿರ ಸುಳಿಯಲಾಗದು! ಅಷ್ಟು ಸಾಧ್ಯತೆಗಳ ನಡುವೆ ಒಬ್ಬ ಮನುಷ್ಯ ಒಂದು ಚೌಕ ತುಂಬಿದ, ಅದು ಪದ್ಯವಾಯಿತು. ಹಾಗೆ ತುಂಬಿದ ಚಕ್ರಗಳಲ್ಲಿ ಇಂದು ಸಿಕ್ಕಿರುವುದು 1,270. ಒಟ್ಟು 9,25,830 ಮನೆ. ಮೂಲದಲ್ಲಿ 16 ಸಾವಿರ ಚಕ್ರಗಳಿದ್ದವು ಎಂಬುದು ನಿಜವಾದರೆ ಇನ್ನೂ ಸಿಗಬೇಕಾದವು 14,730, ಅವುಗಳ ಮನೆಗಳು 1 ಕೋಟಿ 7 ಲಕ್ಷ. ಹಗಲು ರಾತ್ರಿ ಬಿಡದೆ ಸೆಕೆಂಡಿಗೊಂದು ಮನೆ ಎಣಿಸುತ್ತ ಹೋದರೆ ಅದಕ್ಕೇ 124 ದಿನ.